ವಾರಕ್ಕೊಮ್ಮೆ ಅರ್ಧ ಗಂಟೆ: ಮನೆಮಂದಿ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳಲಿ

ಮಾನ್ಯ ಸಂಪಾದಕರೇ,

ಒಂದೇ ಸೂರಿನಡಿ ಬಾಳುತ್ತಿದ್ದರೂ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದೆ ದಿನ ದೂಡುವ ಕುಟುಂಬಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರಹಗಳು ಪ್ರಕಟವಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ದೋಷವನ್ನೆಲ್ಲ ಮೊಬೈಲ್ ಫೋನಿನ ಮೇಲೆ ಹೊರಿಸಿ ಮುಗಿಯುತ್ತವೆ. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಫೋನನ್ನು ಬದಿಗಿಟ್ಟು ಎದುರುಬದುರು ಕುಳಿತ ಮೇಲೆ ಏನು ಹೇಳಬೇಕು, ಹೇಳಿದ್ದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ರೂಢಿಯಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಸಂಜೆ ನಡೆಸಿಕೊಂಡು ಬಂದಿರುವ, ಮನದ ಮಾತುಗಳ ಒಂದು ಸರಳ ಹಂಚಿಕೆಯ ಕುರಿತು, ಇತರ ಕುಟುಂಬಗಳಿಗೂ ಉಪಯೋಗವಾಗಬಹುದೆಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ನಾವು ಕಥೋಲಿಕ ಕ್ರೈಸ್ತರು; ಆದ್ದರಿಂದ ಇದು ನಮ್ಮ ವಿಶ್ವಾಸದ ಭಾಷೆಯಲ್ಲೇ ಇರುತ್ತದೆ.

ನಮ್ಮದು ಪ್ರಾರ್ಥನೆ ಇಲ್ಲದ ಮನೆಯಾಗಿರಲಿಲ್ಲ. ಮಣಿಸರ ಹಿಡಿದು ಮಾತೆ ಮರಿಯಮ್ಮನವರನ್ನು ನೆನೆಯುವ ಸಂಜೆಯ ಜಪಸರ ತಪ್ಪುತ್ತಿರಲಿಲ್ಲ, ಭಾನುವಾರ ಚರ್ಚಿನಲ್ಲಿ ನಡೆಯುವ ಬಲಿಪೂಜೆಗೆ ಎಲ್ಲರೂ ಒಟ್ಟಿಗೆ ಹೋಗುತ್ತಿದ್ದೆವು. ಒಟ್ಟಿಗೆ ಪ್ರಾರ್ಥಿಸುವ ಕುಟುಂಬ ಒಟ್ಟಿಗೆ ಬಾಳುತ್ತದೆ ಎಂದು, ಕುಟುಂಬಗಳಲ್ಲಿ ಜಪಸರವನ್ನು ಪ್ರಚಾರ ಮಾಡಿದ ವಂದನೀಯ ಪ್ಯಾಟ್ರಿಕ್ ಪೇಟನ್ ಗುರುಗಳು ಊರೂರಿಗೆ ಸಾರಿದ ಮಾತನ್ನು ಕೇಳಿಯೇ ನಮ್ಮ ತಲೆಮಾರು ಬೆಳೆಯಿತು. ಆ ಮಾತು ನಿಜ. ಆದರೂ ಜಪಸರದ ಐವತ್ಮೂರು ಮಂಗಳವಾರ್ತೆ ಜಪಗಳನ್ನು ಒಂದೇ ದನಿಯಲ್ಲಿ ಹೇಳಿ ಎದ್ದ ಮೇಲೆ, ಪಕ್ಕದಲ್ಲಿ ಮಂಡಿಯೂರಿದ್ದ ಮಗ ಆ ದಿನ ಯಾವುದಕ್ಕೆ ಹೆದರಿದ್ದ, ಗಂಡ ಯಾವ ಅವಮಾನ ನುಂಗಿಕೊಂಡು ಮನೆಗೆ ಬಂದಿದ್ದರು ಎಂಬುದು ನನಗೆ ತಿಳಿದಿರುತ್ತಿರಲಿಲ್ಲ. ದೇವರಿಗೆ ಎಲ್ಲರೂ ಹೇಳಿಕೊಳ್ಳುತ್ತಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ. ಮಕ್ಕಳು ದೊಡ್ಡವರಾಗುತ್ತಿದ್ದಂತೆ ಇದರ ಇನ್ನೊಂದು ಪರಿಣಾಮವೂ ಕಾಣತೊಡಗಿತು. ದೇವರ ಹೆಸರು ಮನೆಯಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಕೇಳಿಬರುವುದರಿಂದ, ಆ ದೇವರಿಗೂ ಪರೀಕ್ಷೆ, ಗೆಳೆತನ, ಸಿಟ್ಟು, ಸಾಲಗಳಿಗೂ ಸಂಬಂಧವೇ ಇಲ್ಲವೆಂದು ಅವರು ತಮ್ಮಷ್ಟಕ್ಕೆ ತೀರ್ಮಾನಿಸಿಕೊಳ್ಳುತ್ತಿದ್ದರು.

ನಾವು ಮಾಡುವುದು ಇಷ್ಟೇ. ಶನಿವಾರ ಸಂಜೆ ಗೊತ್ತಾದ ಹೊತ್ತಿಗೆ ಫೋನುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು, ಒಂದು ಮೇಣದಬತ್ತಿ ಹಚ್ಚಿ, ಸುತ್ತ ಕೂರುತ್ತೇವೆ. ಮರುದಿನದ ಬಲಿಪೂಜೆಯಲ್ಲಿ ಓದಲಿರುವ ಶುಭಸಂದೇಶದ (ಬೈಬಲಿನಲ್ಲಿ ಯೇಸುಸ್ವಾಮಿಯ ಜೀವನ, ಬೋಧನೆಗಳನ್ನು ಹೇಳುವ ಪುಸ್ತಕಗಳ) ಭಾಗವನ್ನು ಒಬ್ಬರು ನಿಧಾನವಾಗಿ ಓದುತ್ತಾರೆ. ಎರಡು ನಿಮಿಷ ಮೌನ. ಆಮೇಲೆ ಒಬ್ಬೊಬ್ಬರಾಗಿ, ಈ ವಾರ ಯಾವುದಕ್ಕಾಗಿ ದೇವರಿಗೆ ಕೃತಜ್ಞರಾಗಿದ್ದೇವೆ, ಯಾವುದು ಮನಸ್ಸಿಗೆ ಭಾರವಾಯಿತು, ಬರುವ ವಾರ ಯಾವ ವಿಷಯಕ್ಕಾಗಿ ಉಳಿದವರು ನಮಗಾಗಿ ಪ್ರಾರ್ಥಿಸಬೇಕು ಎಂಬ ಮೂರು ಮಾತುಗಳನ್ನು ಹೇಳುತ್ತೇವೆ. ಓದಿದ ಭಾಗದಲ್ಲಿ ಯಾವುದಾದರೂ ಪದ ಮನಸ್ಸಿಗೆ ತಾಗಿದ್ದರೆ ಅದನ್ನೂ ಸೇರಿಸುತ್ತೇವೆ. ಎಲ್ಲರದೂ ಮುಗಿದ ಬಳಿಕ ಪ್ರತಿಯೊಬ್ಬರೂ ತಮ್ಮ ಬಲಗಡೆ ಕುಳಿತವರ ಹೆಸರು ಹಿಡಿದು, ಅವರು ಕೇಳಿಕೊಂಡದ್ದಕ್ಕಾಗಿ ಸ್ವಂತ ಮಾತಿನಲ್ಲಿ ಒಂದೆರಡು ವಾಕ್ಯ ಪ್ರಾರ್ಥಿಸುತ್ತಾರೆ. ಪ್ರಭು ಕಲಿಸಿದ ಪ್ರಾರ್ಥನೆಯೊಂದಿಗೆ ಮುಗಿಸುತ್ತೇವೆ. ಐದು ಜನರಿಗೆ ಅರ್ಧ ಗಂಟೆ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚು ಎಳೆದರೆ ಮಕ್ಕಳು ಮುಂದಿನ ವಾರ ಬೇಸರದಿಂದ ಬರುತ್ತಾರೆ.

ಕೃತಜ್ಞತೆಯನ್ನು ಮೊದಲು ಇಟ್ಟಿರುವುದು ನಮ್ಮ ಕಲ್ಪನೆಯೇನಲ್ಲ. 1521ರಲ್ಲಿ ಸ್ಪೇನಿನ ಪಂಪ್ಲೋನಾದ ಕಾಳಗದಲ್ಲಿ ಕಾಲಿಗೆ ಗುಂಡುತಾಗಿ, ಹಾಸಿಗೆ ಹಿಡಿದ ದಿನಗಳಲ್ಲಿ ಮನಸ್ಸು ತಿರುಗಿದ, ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನಾಸಿಯವರು ಮುಂದೆ ಬರೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕದಲ್ಲಿ, ದಿನದ ನಡೆಯನ್ನು ಪರಿಶೀಲಿಸುವ ಆತ್ಮಶೋಧನೆಗೆ ಐದು ಹೆಜ್ಜೆಗಳನ್ನು ಹೇಳಿದ್ದಾರೆ. ಪಡೆದ ವರಗಳಿಗಾಗಿ ದೇವರಿಗೆ ವಂದಿಸುವುದು ಅದರಲ್ಲಿ ಮೊದಲನೆಯದು. ತಪ್ಪುಗಳ ಲೆಕ್ಕ ಆಮೇಲೆ ಬರುತ್ತದೆ. ಈ ಕ್ರಮದ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ಅದನ್ನು ಬಿಟ್ಟು ನೋಡಿದಾಗ. ಒಮ್ಮೆ ಮನೆಯಲ್ಲಿ ತುಂಬಾ ತೊಂದರೆಯಿದ್ದ ವಾರದಲ್ಲಿ ನೇರವಾಗಿ ಭಾರದ ಮಾತಿನಿಂದಲೇ ಆರಂಭಿಸಿದೆವು. ಹತ್ತು ನಿಮಿಷದೊಳಗೆ ಅದು ದೂರುಗಳ ಸಭೆಯಾಯಿತು.

ಶನಿವಾರವನ್ನು ಆರಿಸಿಕೊಳ್ಳಲೂ ಕಾರಣವಿದೆ. ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಪೂಜಾವಿಧಿಯ ಲೆಕ್ಕದಲ್ಲಿ ಭಾನುವಾರವು ಶನಿವಾರದ ಸಂಜೆಯಿಂದಲೇ ಆರಂಭವಾಗುತ್ತದೆ. ಬಲಿಪೀಠದ ಬಳಿ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪವಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ರಾಜಿಯಾಗು ಎಂದು ಯೇಸುಸ್ವಾಮಿ ಹೇಳಿದ್ದು ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿದೆ. ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಅದು ನೆನಪಾದರೆ ಸಮಯ ಮೀರಿರುತ್ತದೆ; ಹಿಂದಿನ ಸಂಜೆಯಾದರೆ ಇನ್ನೂ ಒಂದು ರಾತ್ರಿ ಕೈಯಲ್ಲಿರುತ್ತದೆ. ಮನೆಯಲ್ಲಿ ಒಮ್ಮೆ ಕೇಳಿದ ಭಾಗವನ್ನೇ ಮರುದಿನ ದೇವಾಲಯದಲ್ಲಿ ಕೇಳುವಾಗ ಮಕ್ಕಳು ತಲೆಯೆತ್ತಿ ನೋಡುವುದನ್ನು ನಾನು ಗಮನಿಸಿದ್ದೇನೆ. ಭಾನುವಾರದ ವಾಚನಗಳು ಮೂರು ವರ್ಷಗಳ ಆವರ್ತದಲ್ಲಿ, ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಅದರ ಮುಂದಿನ ವರ್ಷ ಲೂಕ, ಈಸ್ಟರ್ ಹಬ್ಬದ ಪಾಸ್ಕಕಾಲದಲ್ಲಿ ಹೆಚ್ಚಾಗಿ ಯೊವಾನ್ನ ಎಂಬಂತೆ ಸಾಗುತ್ತವೆ. ಹೀಗಾಗಿ ಬೇರೆ ಯಾವ ಪಾಠಕ್ರಮವೂ ಇಲ್ಲದೆ, ಮೂರು ವರ್ಷಗಳಲ್ಲಿ ಶುಭಸಂದೇಶದ ಬಹುಭಾಗವು ನಮ್ಮ ಕೋಣೆಯಲ್ಲೇ ಓದಿದಂತಾಯಿತು.

ಇನ್ನು, ಈ ಪತ್ರ ಬರೆಯಲು ನಿಜವಾದ ಕಾರಣವಾದ ವಿಷಯಕ್ಕೆ ಬರುತ್ತೇನೆ. ಈ ಹಂಚಿಕೆಗೆ ಒಂದೇ ಒಂದು ಕಟ್ಟಳೆಯಿದೆ: ಒಬ್ಬರು ಹೇಳಿದ್ದಕ್ಕೆ ಯಾರೂ ಉತ್ತರ ಕೊಡಬಾರದು. ಸಲಹೆ, ಸಮಾಧಾನ, ತಿದ್ದುಪಡಿ, ಪ್ರಶ್ನೆ, ‘ನಾನು ಆಗಲೇ ಹೇಳಿರಲಿಲ್ಲವೇ’ ಎಂಬ ಮಾತು, ಯಾವುದೂ ಕೂಡದು. ಕೇಳಿಸಿಕೊಳ್ಳಬೇಕು, ಆಮೇಲೆ ಪ್ರಾರ್ಥಿಸಬೇಕು. ಕೇಳಲು ಸುಲಭವೆನಿಸುವ ಈ ಕಟ್ಟಳೆಯನ್ನು ಪಾಲಿಸುವುದು ಎಷ್ಟು ಕಷ್ಟವೆಂದು ತಂದೆತಾಯಿಯರಾದವರಿಗೆ ಗೊತ್ತಾಗುತ್ತದೆ. ನಾನೇ ಅದನ್ನು ಮುರಿದೆ. ಎರಡನೆಯ ತಿಂಗಳಿನಲ್ಲಿ, ಆಗ ಹದಿಮೂರು ವರ್ಷದವಳಾಗಿದ್ದ ಮಗಳು, ತರಗತಿಯಲ್ಲಿ ತನ್ನೊಡನೆ ಯಾರೂ ಕೂರುತ್ತಿಲ್ಲವೆಂದು ಹೇಳಿದಳು. ಅವಳ ವಾಕ್ಯ ಮುಗಿಯುವ ಮುನ್ನವೇ ನಾನು ಬಾಯಿ ಹಾಕಿ, ನೀನೇ ಮೊದಲು ಹೋಗಿ ಮಾತನಾಡಿಸಬೇಕು, ಸ್ವಲ್ಪ ನಗುಮುಖ ಇಟ್ಟುಕೊಳ್ಳಬೇಕು ಎಂದೆಲ್ಲ ಹೇಳತೊಡಗಿದೆ. ನನ್ನ ಉದ್ದೇಶ ಒಳ್ಳೆಯದೇ ಇತ್ತು, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಆರು ಶನಿವಾರಗಳವರೆಗೆ ಅವಳು ‘ಈ ವಾರ ಹೇಳುವಂಥದ್ದೇನಿಲ್ಲ’ ಎಂದಷ್ಟೇ ಹೇಳಿ ಮುಂದಿನವರ ಕಡೆ ನೋಡುತ್ತಿದ್ದಳು. ಏಳನೆಯ ವಾರ ನನ್ನ ಸರದಿ ಬಂದಾಗ, ಮಗಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳದೆ ಹೋದದ್ದೇ ನನಗೆ ಭಾರವಾಗಿದೆಯೆಂದು ಹೇಳಿ, ಅವಳ ಕ್ಷಮೆ ಕೇಳಿದೆ. ಆ ದಿನವೂ ಅವಳು ಏನೂ ಹೇಳಲಿಲ್ಲ. ಅದರ ಮುಂದಿನ ವಾರ ಹೇಳಿದಳು.

ಈ ಕಟ್ಟಳೆಗೂ ಧರ್ಮಸಭೆಯಲ್ಲಿ ಬೇರುಗಳಿವೆ. ಇನ್ನೊಬ್ಬರ ಮಾತನ್ನು ಖಂಡಿಸುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥವನ್ನು ಕೊಡಲು ಕ್ರೈಸ್ತನಾದವನು ಹೆಚ್ಚು ಸಿದ್ಧನಿರಬೇಕೆಂದು ಅದೇ ಇಗ್ನಾಸಿಯವರು ತಮ್ಮ ಆ ಪುಸ್ತಕದ ಮೊದಲಲ್ಲಿಯೇ ಬರೆದಿದ್ದಾರೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಈ ಮಾತನ್ನು ಎತ್ತಿಕೊಂಡಿದೆ. ಪೋಪ್ ಫ್ರಾನ್ಸಿಸ್ ಅವರು ಕುಟುಂಬ ಪ್ರೀತಿಯ ಕುರಿತು 2016ರಲ್ಲಿ ಹೊರಡಿಸಿದ ಪತ್ರದಲ್ಲಿ, ಎದುರಿನವರು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸುವ ತನಕ ತಾಳ್ಮೆಯಿಂದ ಕೇಳಿಸಿಕೊಳ್ಳುವುದನ್ನು ಪ್ರೀತಿಯ ಭಾಗವೆಂದೇ ಎಣಿಸಿದ್ದಾರೆ. ಅವರೇ ಕರೆದ ಸಿನೊಡಿನ (ಧರ್ಮಸಭೆಯ ಸಮಾಲೋಚನಾ ಸಭೆಯ) ಅಧಿವೇಶನಗಳಲ್ಲಿ, 2023 ಮತ್ತು 2024ರ ಅಕ್ಟೋಬರ್ ತಿಂಗಳುಗಳಲ್ಲಿ, ಧರ್ಮಾಧ್ಯಕ್ಷರು, ಕಾರ್ಡಿನಲ್ಲರು, ಸನ್ಯಾಸಿನಿಯರು, ಸಾಮಾನ್ಯ ವಿಶ್ವಾಸಿಗಳು ದುಂಡು ಮೇಜುಗಳ ಸುತ್ತ ಕುಳಿತು, ಒಂದು ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಮಾತು ಹೇಳಿ, ಮೌನದ ಬಳಿಕ ಎರಡನೆಯ ಸುತ್ತಿನಲ್ಲಿ ಇತರರ ಮಾತಿನಲ್ಲಿ ತಮ್ಮನ್ನು ತಟ್ಟಿದ್ದನ್ನು ಹೇಳುವ ಕ್ರಮವನ್ನು ಅನುಸರಿಸಿದರು. ಅದನ್ನು ಪವಿತ್ರಾತ್ಮರಲ್ಲಿ ಸಂವಾದ ಎಂದು ಕರೆದರು. ಇಡೀ ಧರ್ಮಸಭೆಯ ವಿಷಯಗಳನ್ನು ಚರ್ಚಿಸಲು ಬಂದವರೇ ಹೀಗೆ ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಬಹುದಾದರೆ, ಐದು ಜನರ ಮನೆಯಲ್ಲಿ ಅದು ಅಸಾಧ್ಯವಾಗಬಾರದು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಆಧಾರವೆಂದರೆ ಸಂತ ಲೂಕರ ಶುಭಸಂದೇಶದ ಇಪ್ಪತ್ನಾಲ್ಕನೆಯ ಅಧ್ಯಾಯದ ಎಮ್ಮಾವು ಎಂಬ ಊರಿನ ದಾರಿಯ ಪ್ರಸಂಗ. ಪುನರುತ್ಥಾನವಾದ ಪ್ರಭು ಇಬ್ಬರು ಶಿಷ್ಯರ ಜೊತೆ ಹೆಜ್ಜೆ ಹಾಕುತ್ತಾ, ದಾರಿಯುದ್ದಕ್ಕೂ ಏನು ಮಾತನಾಡುತ್ತಿದ್ದೀರಿ ಎಂದು ಕೇಳುತ್ತಾರೆ. ನಡೆದದ್ದೆಲ್ಲ ಬೇರೆ ಯಾರಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು. ಆದರೂ ಶಿಷ್ಯರೇ ಹೇಳಲೆಂದು ಬಿಡುತ್ತಾರೆ. ತಾವು ಇಟ್ಟುಕೊಂಡಿದ್ದ ನಿರೀಕ್ಷೆ ಮಣ್ಣುಪಾಲಾಯಿತೆಂಬ ದುಃಖವನ್ನು ಅವರು ಕೊನೆಯವರೆಗೂ ಹೇಳಿಕೊಳ್ಳುತ್ತಾರೆ. ಪವಿತ್ರ ಗ್ರಂಥದ ವಿವರಣೆ ಬರುವುದು ಅದರ ನಂತರ, ರೊಟ್ಟಿ ಮುರಿಯುವುದು ಇನ್ನೂ ನಂತರ. ನಾವು ಮನೆಗಳಲ್ಲಿ ವಿವರಣೆಯನ್ನು ಮೊದಲು ಕೊಟ್ಟುಬಿಡುತ್ತೇವೆ.

ವಾರದ ಹಂಚಿಕೆ ಎಂಬುದು ಧರ್ಮಸಭೆಗೆ ಹೊಸದಲ್ಲವೆಂದು ತಿಳಿಸುವುದೂ ನ್ಯಾಯ. 1940ರ ದಶಕದಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಹುಟ್ಟಿದ ಕುರ್ಸಿಲ್ಯೋ ಚಳವಳಿಯವರು ಚಿಕ್ಕ ಗುಂಪುಗಳಲ್ಲಿ ವಾರಕ್ಕೊಮ್ಮೆ ಸೇರಿ ತಮ್ಮ ಭಕ್ತಿ, ಅಧ್ಯಯನ, ಕಾರ್ಯಗಳ ಬಗ್ಗೆ ಹೇಳಿಕೊಳ್ಳುತ್ತಾ ಬಂದಿದ್ದಾರೆ. ಫ್ರಾನ್ಸಿನ ಹೆನ್ರಿ ಕಫಾರೆಲ್ ಗುರುಗಳು ತಾವು ಕಟ್ಟಿದ ದಂಪತಿಗಳ ತಂಡಗಳಿಗೆ, ಗಂಡಹೆಂಡಿರು ತಿಂಗಳಿಗೊಮ್ಮೆ ದೇವರ ಮುಂದೆ ಬಿಡುವಾಗಿ ಕುಳಿತು ಮನಬಿಚ್ಚಿ ಮಾತನಾಡುವುದನ್ನು ‘ಕುಳಿತುಕೊಳ್ಳುವ ಕರ್ತವ್ಯ’ ಎಂದು ವಿಧಿಸಿದರು. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂಬ ಯೇಸುಸ್ವಾಮಿಯ ಪ್ರಶ್ನೆಯಿಂದ ಅವರು ಆ ಹೆಸರನ್ನು ಎತ್ತಿಕೊಂಡರಂತೆ. ಮಾತನ್ನೂ ಕರ್ತವ್ಯವೆಂದು ಕರೆದದ್ದು ನನಗೆ ಬಹಳ ಸರಿಯೆನಿಸುತ್ತದೆ. ಮನಸ್ಸು ಬಂದಾಗ ಮಾತನಾಡೋಣವೆಂದರೆ, ಮಾತು ಅತ್ಯಂತ ಬೇಕಾದ ವಾರದಲ್ಲಿಯೇ ಮನಸ್ಸು ಬಂದಿರುವುದಿಲ್ಲ.

ಲೋಕದ ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯ ಕುರಿತಾದ ತನ್ನ ಸಂವಿಧಾನವೆಂಬ ದಾಖಲೆಯಲ್ಲಿ ಕುಟುಂಬವನ್ನು ಗೃಹಸಭೆ, ಅಂದರೆ ಮನೆಯೊಳಗಿನ ಧರ್ಮಸಭೆ, ಎಂದು ಕರೆಯಿತು. ಮಾತಿನಿಂದಲೂ ಮಾದರಿಯಿಂದಲೂ ಮಕ್ಕಳಿಗೆ ವಿಶ್ವಾಸವನ್ನು ಸಾರುವ ಮೊದಲಿಗರು ತಂದೆತಾಯಿಯರು ಎಂದಿತು. ಮಾದರಿಯ ಬಗ್ಗೆ ನಾವು ಬಹಳ ಕೇಳಿದ್ದೇವೆ. ಮಾತಿನ ಬಗ್ಗೆ ಹೇಳುವುದಾದರೆ, ನಮ್ಮ ಯಜಮಾನರು ದೇವರ ಬಗ್ಗೆ ತಮ್ಮ ಸ್ವಂತ ಮಾತಿನಲ್ಲಿ ಒಂದು ವಾಕ್ಯ ಆಡಿದ್ದನ್ನು ನಾನು ಮದುವೆಯಾಗಿ ಹದಿನೆಂಟು ವರ್ಷಗಳ ಬಳಿಕ, ಒಂದು ಶನಿವಾರ, ಮೊದಲ ಬಾರಿಗೆ ಕೇಳಿದೆ. ಕೆಲಸ ಹೋಗಬಹುದೆಂಬ ಭಯದಲ್ಲಿ ರಾತ್ರಿಯೆಲ್ಲ ಎಚ್ಚರವಾಗಿದ್ದಾಗ, ಪ್ರಾರ್ಥಿಸಲು ಮಾತೇ ಬಾರದೆ, ಯೇಸುವೇ ಎಂದು ಒಂದೇ ಹೆಸರನ್ನು ಬೆಳಗಿನವರೆಗೂ ಹೇಳುತ್ತಿದ್ದರಂತೆ. ಮಗನು ಅವರ ಮುಖವನ್ನೇ ನೋಡುತ್ತಿದ್ದ. ಅಪ್ಪನಿಗೂ ಭಯವಾಗುತ್ತದೆ, ಭಯವಾದಾಗ ಅಪ್ಪ ದೇವರನ್ನು ಕರೆಯುತ್ತಾರೆ ಎಂಬ ಎರಡು ಸಂಗತಿಗಳು ಅವನಿಗೆ ಒಟ್ಟಿಗೆ ತಿಳಿದವು. ಯಾವ ಧರ್ಮೋಪದೇಶದ ತರಗತಿಯಲ್ಲೂ ಅವು ಹೀಗೆ ತಿಳಿಯುತ್ತಿರಲಿಲ್ಲ.

ನಮ್ಮ ಅತ್ತೆಯವರ ಮಾತನ್ನೂ ಹೇಳಬೇಕು. ಜೀವಮಾನವಿಡೀ ಜಪಸರ ಕೈಬಿಡದ ಅವರು ಮೊದಲಿಗೆ ಈ ಹಂಚಿಕೆಯನ್ನು ಮೆಚ್ಚಲಿಲ್ಲ. ಮನೆಯ ಮಾತನ್ನು ದೇವರಿಗೆ ಹೇಳಿದರೆ ಸಾಕು, ಮಕ್ಕಳ ಮುಂದೆ ಏಕೆ ಎನ್ನುತ್ತಿದ್ದರು. ಆದರೂ ಕೂರುತ್ತಿದ್ದರು. ಮೊದಲ ವರ್ಷ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಸಂಜೆ, ತಮಗೆ ರಾತ್ರಿ ದೀಪ ಆರಿಸಿದ ಮೇಲೆ ಸಾವಿನ ಭಯವಾಗುತ್ತದೆ, ಇಷ್ಟು ಪ್ರಾರ್ಥಿಸಿದವಳಿಗೆ ಹೀಗಾಗುವುದು ನಾಚಿಕೆಯೆನಿಸುತ್ತದೆ ಎಂದು ಮೆಲ್ಲಗೆ ಹೇಳಿದರು. ಕಟ್ಟಳೆಯಂತೆ ಯಾರೂ ಏನೂ ಹೇಳಲಿಲ್ಲ. ಅವರ ಎಡಗಡೆ ಕುಳಿತಿದ್ದ ಮಗ ಅವರ ಹೆಸರು ಹಿಡಿದು ಪ್ರಾರ್ಥಿಸಿದ. ಆ ರಾತ್ರಿಯಿಂದ, ಯಾರೂ ಹೇಳದೆಯೇ, ಅವನು ತನ್ನ ಹಾಸಿಗೆಯನ್ನು ಅಜ್ಜಿಯ ಕೋಣೆಗೆ ಸಾಗಿಸಿದ; ಅವರು ತೀರಿಕೊಳ್ಳುವವರೆಗೂ ಅಲ್ಲಿಯೇ ಮಲಗಿದ. ಆ ಹೊತ್ತಿನಲ್ಲಿ ನಾನು ಬಾಯಿ ಬಿಟ್ಟು ನಾಲ್ಕು ಸಮಾಧಾನದ ಮಾತು ಹೇಳಿದ್ದರೆ, ವಿಷಯ ಅಲ್ಲಿಗೇ ಮುಗಿಯಿತೆಂದು ಎಲ್ಲರೂ ಎದ್ದುಬಿಡುತ್ತಿದ್ದೆವೇನೋ.

ಇದರ ಮಿತಿಗಳ ಬಗ್ಗೆಯೂ ಸ್ಪಷ್ಟವಾಗಿರಬೇಕು. ಈ ಹಂಚಿಕೆ ಪಾಪನಿವೇದನೆಯ ಸಂಸ್ಕಾರಕ್ಕೆ ಬದಲಿಯಲ್ಲ. ಗುರುಗಳ ಬಳಿ ಮಾತ್ರ ಹೇಳಬೇಕಾದ್ದನ್ನು ಮೇಜಿನ ಸುತ್ತ ಹೇಳಿಸುವ ಪ್ರಯತ್ನವನ್ನು, ಅದರಲ್ಲೂ ಮಕ್ಕಳ ವಿಷಯದಲ್ಲಿ, ಯಾರೂ ಮಾಡಬಾರದು. ‘ಈ ವಾರ ನನಗೆ ಹೇಳುವಂಥದ್ದೇನಿಲ್ಲ’ ಎನ್ನುವ ಹಕ್ಕು ಎಲ್ಲರಿಗೂ ಇರಬೇಕು. ಅಲ್ಲಿ ಕೇಳಿದ ಮಾತು ನೆಂಟರಿಷ್ಟರ ಕಿವಿಗೆ ಬೀಳಬಾರದು. ಮುಂದೆ ಜಗಳವಾದಾಗ ಆಯುಧವಾಗಿ ಹೊರಬರಲಂತೂ ಬಾರದು. ಹಾಗೆ ಒಮ್ಮೆ ನಡೆದರೆ, ಆ ಮನೆಯಲ್ಲಿ ಹಂಚಿಕೆ ಬಹುಕಾಲ ಮತ್ತೆ ಚಿಗುರಲಾರದು.

ಇವೆಲ್ಲಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಹೊಡೆತ, ಬೆದರಿಕೆ, ದೌರ್ಜನ್ಯ ನಡೆಯುವ ಮನೆಗೆ ಇದು ಮದ್ದಲ್ಲ. ನೊಂದವರನ್ನು ನೋಯಿಸಿದವರ ಎದುರು ಕೂರಿಸಿ, ಮೇಣದಬತ್ತಿಯ ಬೆಳಕಿನಲ್ಲಿ ಕ್ಷಮಿಸುವಂತೆ ಒತ್ತಾಯಿಸುವುದು ಅನ್ಯಾಯ. ಹಿಂಸೆಯಿಂದ ಪಾರಾಗಲು ಕೆಲವೊಮ್ಮೆ ದಂಪತಿಗಳು ಬೇರೆಯಾಗಿ ವಾಸಿಸುವುದು ಅನಿವಾರ್ಯವಾಗುತ್ತದೆಂದು ಫ್ರಾನ್ಸಿಸ್ ಅವರ ಅದೇ ಪತ್ರ ಒಪ್ಪಿಕೊಂಡಿದೆ. ಅಂಥವರಿಗೆ ಮೊದಲು ಬೇಕಾದದ್ದು ರಕ್ಷಣೆ.

ಒಂಟಿಯಾಗಿರುವವರಿಗೂ, ಸಂಗಾತಿಗೆ ವಿಶ್ವಾಸದಲ್ಲಿ ಆಸಕ್ತಿಯಿಲ್ಲದವರಿಗೂ ಇದು ಮುಚ್ಚಿದ ಬಾಗಿಲಾಗಬೇಕಿಲ್ಲ. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಎಲ್ಲಿ ಸೇರುತ್ತಾರೋ ಎಂದು ಪ್ರಭು ಹೇಳಿದಾಗ ರಕ್ತಸಂಬಂಧದ ಷರತ್ತು ಹಾಕಲಿಲ್ಲ. ಗಂಡನನ್ನು ಕಳೆದುಕೊಂಡ ನನ್ನ ಗೆಳತಿಯೊಬ್ಬರು ದೂರದಲ್ಲಿರುವ ತಂಗಿಯೊಡನೆ ಫೋನಿನಲ್ಲಿಯೇ ಇದನ್ನು ನಡೆಸುತ್ತಾರೆ. ವಿಶ್ವಾಸವಿಲ್ಲದ ಸಂಗಾತಿಯೂ ಕೃತಜ್ಞತೆ ಮತ್ತು ಭಾರದ ಮಾತುಗಳಲ್ಲಿ ಸೇರಿಕೊಳ್ಳಬಹುದು. ಪ್ರಾರ್ಥನೆಯ ಹೊತ್ತಿನಲ್ಲಿ ಸುಮ್ಮನೆ ಕುಳಿತರೂ ಸಾಕು.

ಆರಂಭಿಸಬಯಸುವವರು ಮೊದಲ ನಾಲ್ಕು ವಾರ ಕೃತಜ್ಞತೆಯ ಮಾತನ್ನಷ್ಟೇ ಹೇಳಲಿ. ಭಾರದ ಮಾತಿಗೆ ನಂಬಿಕೆ ಬೇಕು, ನಂಬಿಕೆಗೆ ಕಾಲ ಬೇಕು. ಮನೆಯ ಹಿರಿಯರು ಮೊದಲು ಮಾತನಾಡಲಿ, ಅದೂ ಉಪದೇಶದ ಧಾಟಿಯಲ್ಲಿ ಬೇಡ. ಒಂದು ವಾರ ತಪ್ಪಿದರೆ ಮುಂದಿನ ವಾರ ಕೂರಿ. ತಪ್ಪಿದ್ದಕ್ಕೆ ಯಾರನ್ನೂ ಗದರಿಸಬೇಡಿ.

ಕೊನೆಯದಾಗಿ, ಧರ್ಮಕೇಂದ್ರಗಳ ಗುರುಗಳಲ್ಲಿ ನನ್ನದೊಂದು ಬಿನ್ನಹ. ಇಂಥ ಹಂಚಿಕೆಯನ್ನು ದಯವಿಟ್ಟು ಕಾರ್ಯಕ್ರಮವಾಗಿ ಮಾಡಬೇಡಿ. ಎಷ್ಟು ಕುಟುಂಬಗಳು ನಡೆಸುತ್ತಿವೆಯೆಂದು ದಾಖಲೆ ಪುಸ್ತಕ, ಉತ್ತಮ ಕುಟುಂಬಕ್ಕೆ ಬಹುಮಾನ, ವರ್ಷದ ವರದಿ, ಇವು ಬಂದ ದಿನವೇ ಜನ ತೋರಿಕೆಗೆ ಮಾತನಾಡತೊಡಗುತ್ತಾರೆ. ಬಲಿಪೂಜೆಯ ಕೊನೆಯಲ್ಲಿ ಪ್ರಕಟಣೆಗಳನ್ನು ಓದುವಾಗ, ಮುಂದಿನ ಭಾನುವಾರದ ಶುಭಸಂದೇಶ ಯಾವ ಅಧ್ಯಾಯದ ಯಾವ ವಚನಗಳೆಂಬುದನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಬೇಕಾದಷ್ಟಾಯಿತು. ಬರೆದುಕೊಳ್ಳುವವರು ಬರೆದುಕೊಂಡು ಮನೆಗೆ ಒಯ್ಯುತ್ತಾರೆ.

ಇತಿ,
ನಿಮ್ಮ ಪತ್ರಿಕೆಯ ಓದುಗಳಾದ ಒಬ್ಬ ಕಥೋಲಿಕ ಗೃಹಿಣಿ